ಬಿಎ ಮಕ್ಕಳಿಗೆ ಸ್ಮಿತ್, ಮಾರ್ಕ್ಸ್, ಕೇನ್ಸ್ ಎಲ್ಲರನ್ನೂ ಕಲಿಸಿದರೆ ಗೊಂದಲ ಆಗುವುದಿಲ್ಲವೇ?

ನಾನು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ನೀವು ಹೇಳಿದ ಗೊಂದಲ ನಿಜ. ಒಂದೊಂದು ವಾರಕ್ಕೆ ಒಬ್ಬೊಬ್ಬರಂತೆ ಹುಟ್ಟಿದ ವರ್ಷ, ಬರೆದ ಪುಸ್ತಕ, ಐದು ಲಕ್ಷಣ, ಮೂರು ಟೀಕೆ ಅಂತ ಬರೆಸಿಕೊಂಡು ಹೋದರೆ ಯಾರಿಗಾದರೂ ತಲೆ ಕೆಡುತ್ತದೆ. ಪಂಥದ, ಅಂದರೆ ಒಂದೊಂದು ಚಿಂತನೆಯ ಗುಂಪಿನ ಬದಲು ಒಂದು ಪ್ರಶ್ನೆಯಿಂದ ಶುರು ಮಾಡಿ ನೋಡಿ.

ನಾನು ಕೇಳುವುದು ಇದು: ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಗಾರರ ಕನಿಷ್ಠ ವೇತನವನ್ನು ಸರ್ಕಾರ ಏರಿಸಿದರೆ ಏನಾಗುತ್ತದೆ? ತರಗತಿಯಲ್ಲಿ ಯಾರದಾದರೂ ಅಮ್ಮನೋ ಅಕ್ಕನೋ ಅಲ್ಲಿ ಹೊಲಿಗೆ ಮಷಿನ್ ಮುಂದೆ ಕೂತಿರುತ್ತಾರೆ. ಹಾಗಾಗಿ ಎಲ್ಲರೂ ಮಾತಾಡುತ್ತಾರೆ. ಮೊದಲು ಬೋರ್ಡಿನ ಮೇಲೆ ಬೇಡಿಕೆ, ಪೂರೈಕೆ ರೇಖೆ ಎಳೆಯುತ್ತೇನೆ. ಆ ಎರಡು ರೇಖೆ ಸೇರುವ ಸಮತೋಲನದ ಮಟ್ಟಕ್ಕಿಂತ ಕೂಲಿ ಮೇಲೆ ಹೋದರೆ ಮಾಲೀಕ ಕಡಿಮೆ ಜನರನ್ನು ಇಟ್ಟುಕೊಳ್ಳುತ್ತಾನೆ. ಇದನ್ನು ಅವಸರ ಮಾಡದೆ ಗಟ್ಟಿಯಾಗಿ ಕಲಿಸಬೇಕು. ಆಮೇಲೆ ಬ್ರಿಟಿಷ್ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1933ರಲ್ಲಿ ಎತ್ತಿದ ಪ್ರಶ್ನೆ: ಕೆಲಸ ಕೊಡುವವನು ಊರಿಗೆಲ್ಲ ಒಬ್ಬನೇ ಆದರೆ? ಅವನು ಕೂಲಿಯನ್ನು ಮೊದಲೇ ಒತ್ತಿ ಹಿಡಿದಿರುತ್ತಾನೆ. ಆಗ ಕನಿಷ್ಠ ವೇತನ ಏರಿಸಿದರೆ ಕೆಲಸ ಜಾಸ್ತಿಯೂ ಆಗಬಹುದು. ಮಾರ್ಕ್ಸ್ ಗೇಟಿನ ಹೊರಗೆ ಕೆಲಸಕ್ಕೆ ಕಾದು ನಿಂತವರನ್ನು ತೋರಿಸುತ್ತಾರೆ. ಅವರಿರುವ ತನಕ ಒಳಗಿರುವವರಿಗೆ ಕೂಲಿ ಕೇಳಲು ಹೆದರಿಕೆ. ಕೇನ್ಸ್ ದಾರಿಯಲ್ಲಿ ನೋಡಿದರೆ ಆ ಕೂಲಿಯೇ ಸಂಜೆ ಕಿರಾಣಿ ಅಂಗಡಿಯ ವ್ಯಾಪಾರ. ಸ್ತ್ರೀವಾದಿ ಅರ್ಥಶಾಸ್ತ್ರಜ್ಞರು, ಶಿಫ್ಟಿಗೆ ಹೊರಡುವ ಮುಂಚೆ ಆಕೆ ಮಾಡಿಟ್ಟ ಅಡುಗೆ ಯಾರ ಲೆಕ್ಕದಲ್ಲಿದೆ ಅಂತ ಕೇಳುತ್ತಾರೆ. ಭಾರತದ 2019ರ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿಯುತ್ತಾರೆ, ಗಂಡಸರು 97. ಈ ಅಂಕಿ ಹೇಳಿದ ದಿನ ಹಿಂದಿನ ಬೆಂಚಿನವರೂ ಸುಮ್ನೆ ಕೂರುವುದಿಲ್ಲ.

ಇಲ್ಲಿಗೇ ಬಿಟ್ಟರೆ "ಎಲ್ಲರದೂ ಸರಿ" ಅಂತ ಮಕ್ಕಳು ಎದ್ದು ಹೋಗುತ್ತಾರೆ. ಹಾಗಾಗಬಾರದು. ನಿಜವಾಗಿ ನಡೆದದ್ದನ್ನು ಮುಂದಿಡಿ. 1992ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಕನಿಷ್ಠ ವೇತನವನ್ನು ಗಂಟೆಗೆ 4.25 ಡಾಲರಿನಿಂದ 5.05ಕ್ಕೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎರಡೂ ಕಡೆಯ ಫಾಸ್ಟ್ ಫುಡ್ ಅಂಗಡಿಗಳನ್ನು ಹೋಲಿಸಿದರು. ಕೆಲಸ ಕಡಿಮೆಯಾದ ಗುರುತು ಸಿಗಲಿಲ್ಲ. ಅವರ ಲೆಕ್ಕಕ್ಕೆ ಬೇರೆಯವರು ತಕರಾರು ತೆಗೆದರು, ಅದನ್ನೂ ಹೇಳಿ. ಯಾವ ಪಂಥ ಎಲ್ಲಿ ನಿಲ್ಲುತ್ತದೆ, ಎಲ್ಲಿ ಎಡವುತ್ತದೆ ಅಂತ ಮಕ್ಕಳೇ ತೂಗಿ ನೋಡಲಿ.

ಇನ್ನೊಂದು ಮಾತು. ಅಂಬೇಡ್ಕರ್ ಅವರನ್ನು "ಭಾರತೀಯ ಚಿಂತಕರು" ಅಂತ ಕೊನೆಯ ಘಟಕಕ್ಕೆ ತಳ್ಳಿ, ಸಮಯ ಉಳಿದರೆ ಮಾಡುವುದು ನನಗೆ ತುಂಬಾ ಬೇಸರದ ವಿಷಯ. ಕೇನ್ಸ್ 1913ರಲ್ಲಿ ಭಾರತದ ನಾಣ್ಯ ವ್ಯವಸ್ಥೆ ಬಗ್ಗೆ ಬರೆಯುತ್ತಾ ಚಿನ್ನದ ವಿನಿಮಯ ಪದ್ಧತಿಯ ಪರ ನಿಂತರು. ಅಂದರೆ ಒಳಗೆ ಚಿನ್ನದ ನಾಣ್ಯ ಓಡಾಡುವುದಿಲ್ಲ, ಆದರೆ ರೂಪಾಯಿಯ ಬೆಲೆಯನ್ನು ಚಿನ್ನಕ್ಕೆ ಕಟ್ಟಿದ ವಿದೇಶಿ ನಾಣ್ಯದ ಜೊತೆ ನಿಗದಿ ಮಾಡಿ ಇಡಲಾಗುತ್ತದೆ. 1923ರಲ್ಲಿ ಅಂಬೇಡ್ಕರ್ ರೂಪಾಯಿ ಸಮಸ್ಯೆ ಕುರಿತ ತಮ್ಮ ಪುಸ್ತಕದಲ್ಲಿ ಅದನ್ನು ನೇರವಾಗಿ ವಿರೋಧಿಸಿದರು. ರೂಪಾಯಿ ಹೊರಡಿಸಲು ಸರ್ಕಾರಕ್ಕೆ ಬಿಗಿಯಾದ ಮಿತಿ ಇಲ್ಲದಿದ್ದರೆ ಬೆಲೆ ಏರುತ್ತದೆ ಅನ್ನುವುದು ಅವರ ವಾದ. ಇಬ್ಬರನ್ನೂ ಒಂದೇ ಪಾಠದಲ್ಲಿ ಎದುರುಬದುರು ತನ್ನಿ.

ಪರೀಕ್ಷೆಯ ಪ್ರಶ್ನೆಪತ್ರಿಕೆ ನಮ್ಮ ಕೈಯಲ್ಲಿಲ್ಲ, ಆದರೆ ಅಸೈನ್‌ಮೆಂಟ್ ಇದೆ ಅಲ್ವಾ? ತಮಗೆ ಒಪ್ಪಿಗೆಯಿಲ್ಲದ ಪಂಥದ ಪರವಾಗಿ ಒಂದು ಪುಟ ಬರೆಯಲು ಹೇಳಿ. ಮಾರುಕಟ್ಟೆ ಅಂದರೆ ಸಿಟ್ಟಾಗುವ ಹುಡುಗ ಮುಕ್ತ ಮಾರುಕಟ್ಟೆಯ ಪರ ವಾದಿಸಿದ ಹಾಯೆಕ್ ಪರ ಬರೆಯಲಿ, ಷೇರು ಪೇಟೆಯ ಕನಸು ಕಾಣುವವನು ಮಾರ್ಕ್ಸ್ ಪರ.