ಓದುಗರ ಪ್ರಶ್ನೆ: ಬಾಗಿಲಿನ ಹಿಂಜು ಬೇಗ ಕೂರಿಸೋಕೆ ಯಾವ ಟೂಲ್ ತಗೊಳ್ಲಿ?

ಪ್ರಶ್ನೆ: ನಮಸ್ಕಾರ ಸರ್. ಮರಗೆಲಸ ಶುರು ಮಾಡಿ ಆರು ವರ್ಷ ಆಯ್ತು, ಇವತ್ತಿಗೂ ಉಳಿ ಸುತ್ತಿಗೆಯಲ್ಲೇ ಹಿಂಜು ಕೂರಿಸ್ತೀನಿ. ಈಗ ಒಂದೇ ಕಡೆ 14 ಬಾಗಿಲು ಒಪ್ಕೊಂಡಿದೀನಿ, ಒಂದೊಂದಕ್ಕೂ ಮೂರು ಹಿಂಜು. ಒಂದು ಕಚ್ಚು, ಅಂದ್ರೆ ಹಿಂಜಿನ ಪಟ್ಟಿ ಕೂರೋ ತಗ್ಗು, ತೆಗೆಯೋಕೆ ಹತ್ತಿರ ಹತ್ತಿರ 20 ನಿಮಿಷ ಹಿಡಿಯತ್ತೆ. ಅರ್ಧ ಇಂಚಿನ ದೊಡ್ಡ ರೌಟರು (ಮರ ಕೊರೆಯೋ ಮಷೀನು), ಜೊತೆಗೆ ಅದನ್ನ ಸರಿಯಾದ ಜಾಗದಲ್ಲಿ ಓಡಿಸೋಕೆ ಬಾಗಿಲುದ್ದದ ಲೋಹದ ಜಿಗ್ಗು ತಗೊಂಡ್ಬಿಡು ಅಂತ ಜೊತೆಗಾರರು ಹೇಳ್ತಿದಾರೆ. ತಗೊಳ್ಲಾ ಸರ್?

ಉತ್ತರ: ಮೊದಲು ಲೆಕ್ಕ ಹಾಕೋಣ. 14 ಬಾಗಿಲು, ಮೂರು ಮೂರು ಹಿಂಜು, ಕದಕ್ಕೊಂದು ಚೌಕಟ್ಟಿಗೊಂದು ಅಂತ ಒಟ್ಟು 84 ಕಚ್ಚು. ಒಂದಕ್ಕೆ 20 ನಿಮಿಷ ಅಂದ್ರೆ 28 ಗಂಟೆ, ಬರೀ ಕಚ್ಚು ತೆಗೆಯೋದಕ್ಕೇ ಮೂರೂವರೆ ದಿನ ಹೋಯ್ತು. ಹಾಗಾಗಿ ಟೂಲ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ 20 ನಿಮಿಷ ಎಲ್ಲಿ ಹೋಗ್ತಿದೆ ಅಂತ ಒಂದು ದಿನ ಗಡಿಯಾರ ಇಟ್ಕೊಂಡು ನೋಡಿ. ನಾನು ನೋಡಿದೀನಿ. ಉಳಿ ಹರಿತವಾಗಿದ್ರೆ ಮರ ತೆಗೆಯೋದು ಐದಾರು ನಿಮಿಷದ ಕೆಲ್ಸ, ಉಳಿದಿದ್ದೆಲ್ಲಾ ಟೇಪ್ ಹಿಡಿಯೋದು, ಗೆರೆ ಹಾಕೋದು, ಹಿಂಜು ಇಟ್ಟು ನೋಡೋದು, ಒಂದು ಕೂದಲೆಳೆ ತೆಗೆಯೋದು, ಮತ್ತೆ ಇಟ್ಟು ನೋಡೋದು, ಆಮೇಲೆ ಆಳ ಜಾಸ್ತಿ ಆಯ್ತಲ್ಲಾ ಅಂತ ಹಿಂಜಿನ ಹಿಂದೆ ಇಡೋಕೆ ರಟ್ಟು ಹುಡುಕೋದು, ಇದರಲ್ಲೇ ಹೋಗತ್ತೆ. ಅದಕ್ಕೇ ನಾನು ಹೇಳೋದು, ಮೊದಲು ಅಳೆಯೋ ಕೆಲ್ಸ ಉಳಿಸೋ ಟೂಲ್ ಮಾಡ್ಕೊಳ್ಳಿ, ಮರ ಕೊರೆಯೋ ಮಷೀನು ಆಮೇಲೆ.

ಅಳೆಯೋ ಕೆಲ್ಸ ಉಳಿಸೋ ಮೊದಲನೇ ಟೂಲು ಒಂದು ರೀಪು, ಅಷ್ಟೇ. ಬಾಗಿಲಿನಷ್ಟು ಉದ್ದದ ನೇರ ರೀಪು ತಗೊಂಡು ಅದರ ಮೇಲೆ ಮೂರೂ ಹಿಂಜಿನ ಜಾಗ ಒಂದೇ ಸಲ ಗುರುತು ಹಾಕ್ಬಿಡಿ. ಸಾಮಾನ್ಯವಾಗಿ ಮೇಲಿನ ಹಿಂಜು ಮೇಲಂಚಿಂದ 150 ಮಿ.ಮೀ ಕೆಳಗೆ, ಕೆಳಗಿನದ್ದು ಕೆಳಂಚಿಂದ 225 ಮಿ.ಮೀ ಮೇಲೆ, ಮೂರನೇದು ನಡುವೆ. ಕದ ತುಂಬಾ ಭಾರ ಇದ್ರೆ ಮೂರನೇದನ್ನ ಮೇಲಿನ ಹಿಂಜಿನ ಹತ್ತಿರಕ್ಕೆ ತಗೊಂಡ್ರೆ ಒಳ್ಳೇದು ಯಾಕಂದ್ರೆ ಎಳೆತ ಎಲ್ಲಾ ಬೀಳೋದು ಮೇಲೇನೇ, ಆದ್ರೆ ಕದ ಬಾಗೋ ಭಯ ಇದ್ರೆ ನಡುವೆ ಇರೋದೇ ಸರಿ. ರೀಪಿನ ತಲೆಗೆ ಒಂದು ಸಣ್ಣ ತುಂಡು ಹೊಡೆದು ಕದದ ಮೇಲಂಚಿಗೆ ಸಿಕ್ಕಿಸೋ ಹಾಗೆ ಮಾಡಿ, ಗುರುತನ್ನ ಕದಕ್ಕೆ ಇಳಿಸಿ. ಚೌಕಟ್ಟಿಗೆ ಹೋದಾಗ ಆ ತುಂಡು ತೆಗೆದು ರೀಪಿನ ತಲೆಗೂ ಚೌಕಟ್ಟಿನ ಮೇಲಿನ ಅಡ್ಡಕ್ಕೂ ನಡುವೆ 3 ಮಿ.ಮೀ ಪ್ಯಾಕಿಂಗ್ ಇಟ್ಟು ಒತ್ತಿ ಹಿಡೀರಿ, ಆ 3 ಮಿ.ಮೀ ನೇ ಕದದ ಮೇಲೆ ಬಿಡಬೇಕಾದ ಸಂದು. ಟೇಪ್ ಮುಟ್ಟೋದೇ ಬೇಡ. ಇಷ್ಟು ಮಾಡಿದ ಮೇಲೆ ಕದದ ಹಿಂಜು ಒಂದು ಕಡೆ ಚೌಕಟ್ಟಿನ ಕಚ್ಚು ಇನ್ನೊಂದು ಕಡೆ ಅನ್ನೋ ತಾಪತ್ರಯ ನನಗೆ ಬಂದಿಲ್ಲ.

ಎರಡನೇದು ಟೆಂಪ್ಲೇಟು, ಅಂದ್ರೆ ಹಿಂಜಿನ ಆಕಾರಕ್ಕೆ ಕಿಂಡಿ ತೆಗೆದ ಹಲಗೆ, ಮಷೀನು ಆ ಕಿಂಡಿಯೊಳಗೇ ಓಡತ್ತೆ. ಇದನ್ನೂ ಪ್ಲೈವುಡ್ಡಲ್ಲಿ ನೀವೇ ಮಾಡ್ಕೊಳ್ಳಿ, ಅರ್ಧ ದಿನದ ಕೆಲ್ಸ. ಟೆಂಪ್ಲೇಟ್ ಬಂದ್ಮೇಲೆ ಮಷೀನು ಬೇಕಲ್ಲ, ಅದಕ್ಕೆ ಅರ್ಧ ಇಂಚಿನ ದೊಡ್ಡ ರೌಟರ್ ಬೇಡ. ಹಿಂಜಿನ ಪಟ್ಟಿ ದಪ್ಪ ಎಷ್ಟು, ಎರಡರಿಂದ ಮೂರು ಮಿ.ಮೀ. ಅಷ್ಟು ಆಳಕ್ಕೆ ಲ್ಯಾಮಿನೇಟ್ ಅಂಚು ಸವರೋ ಸಣ್ಣ ಟ್ರಿಮ್ಮರ್ ಧಾರಾಳ ಸಾಕು. ದೊಡ್ಡದು 5-6 ಕೆಜಿ ತೂಗತ್ತೆ, ಕದವನ್ನ ಅಡ್ಡ ನಿಲ್ಲಿಸ್ಕೊಂಡು ಮಾಡೋವಾಗ ಪರವಾಗಿಲ್ಲ ಆದ್ರೆ ಗೋಡೆಗೆ ಕೂತಿರೋ ಚೌಕಟ್ಟಲ್ಲಿ ತಲೆ ಎತ್ತರದ ಹಿಂಜಿಗೆ ಅದನ್ನ ಅಡ್ಡಡ್ಡ ಹಿಡಿದು ಕೊರೆಯೋಕೆ ಹೋದ್ರೆ ಎರಡನೇ ಬಾಗಿಲಿಗೇ ಕೈ ನಡುಗತ್ತೆ, ನಡುಗಿದ ಕೈಯಲ್ಲಿ ರೌಟರ್ ಇದ್ರೆ ಕಚ್ಚೂ ಹಾಳು ಬೆರಳಿಗೂ ಅಪಾಯ. ಟ್ರಿಮ್ಮರ್ ಎರಡು ಕೆಜಿ ಒಳಗೇ ಇರತ್ತೆ, ಒಂದು ಕೈ ಮಷೀನ್ ಮೇಲೆ, ಇನ್ನೊಂದು ಕೈ ಟೆಂಪ್ಲೇಟ್ ಮೇಲೆ ಊರಿ ನೆಮ್ಮದಿಯಾಗಿ ಮಾಡ್ಬೋದು.

ಬಿಟ್, ಅಂದ್ರೆ ಮಷೀನಿಗೆ ಸಿಕ್ಕಿಸೋ ಕೊರೆಯೋ ಅಲಗು, ಅದರ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಓದಿ, ತುಂಬಾ ಜನ ಟೆಂಪ್ಲೇಟ್ ಹಾಳು ಮಾಡ್ಕೊಳ್ಳೋದು ಇಲ್ಲೇ. ಎರಡು ದಾರಿ ಇದೆ. ಒಂದು, ಗೈಡ್ ಬುಷ್, ಅಂದ್ರೆ ಬಿಟ್ಟಿನ ಸುತ್ತ ಮಷೀನಿನ ತಳಕ್ಕೆ ಕೂರೋ ಲೋಹದ ಬಳೆ, ಹಾಕಿ ನೇರ ಬಿಟ್ ಬಳಸೋದು. ಬುಷ್ಷಿನ ಹೊರ ವ್ಯಾಸದಲ್ಲಿ ಬಿಟ್ಟಿನ ವ್ಯಾಸ ಕಳೆದು ಅರ್ಧ ಮಾಡಿದ್ರೆ ಎಷ್ಟು ಬರತ್ತೋ ಅಷ್ಟು ಟೆಂಪ್ಲೇಟಿನ ಕಿಂಡಿ ಪ್ರತಿ ಬದಿಗೂ ದೊಡ್ಡದಿರ್ಬೇಕು. 16 ಮಿ.ಮೀ ಬುಷ್, 12 ಮಿ.ಮೀ ಬಿಟ್ ಆದ್ರೆ ಬದಿಗೆ 2 ಮಿ.ಮೀ, ಅಂದ್ರೆ 100 ಮಿ.ಮೀ ಹಿಂಜಿಗೆ 104 ಮಿ.ಮೀ ಕಿಂಡಿ. ಇನ್ನೊಂದು ದಾರಿ, ಮೇಲ್ಗಡೆ ಬೇರಿಂಗ್ (ಟೆಂಪ್ಲೇಟಿನ ಅಂಚಿಗೆ ಒರಗಿ ಉರುಳೋ ಸಣ್ಣ ಚಕ್ರ) ಇರೋ ಗಿಡ್ಡ ಬಿಟ್. ಬೇರಿಂಗೂ ಬ್ಲೇಡೂ ಒಂದೇ ವ್ಯಾಸ, ಹಾಗಾಗಿ ಕಿಂಡಿ ಸರಿಯಾಗಿ ಹಿಂಜಿನ ಅಳತೆಗೇ ಇರತ್ತೆ, ಲೆಕ್ಕದ ರಗಳೆ ಇಲ್ಲ, ಹಿಂಜನ್ನೇ ಪ್ಲೈ ಮೇಲಿಟ್ಟು ಗೆರೆ ಹೊಡೆದು ಕಿಂಡಿ ಮಾಡ್ಬೋದು. ನನಗೆ ಇದೇ ಇಷ್ಟ. ಆದ್ರೆ ಇಲ್ಲಿ ಒಂದು ಮಾತು ನೆನಪಿಡಿ. ಬಿಟ್ಟಿನ ಬ್ಲೇಡು 10 ಮಿ.ಮೀ ಉದ್ದ ಇದೆ, ನೀವು ಕೊರೆಯೋದು 3 ಮಿ.ಮೀ, ಹಾಗಾದ್ರೆ ಉಳಿದ 7 ಮಿ.ಮೀ ಬ್ಲೇಡು ಟೆಂಪ್ಲೇಟಿನ ದಪ್ಪದೊಳಗೇ ತಿರುಗ್ತಿರತ್ತೆ, ಅದರ ಮೇಲೆ ಬೇರಿಂಗ್. ಟೆಂಪ್ಲೇಟ್ 6 ಮಿ.ಮೀ ಪ್ಲೈಯಲ್ಲಿ ಮಾಡಿದ್ರೆ ಬೇರಿಂಗಿಗೆ ಒರಗೋಕೆ ಏನೂ ಸಿಗಲ್ಲ, ಬ್ಲೇಡು ಸೀದಾ ಟೆಂಪ್ಲೇಟನ್ನೇ ತಿಂದು ಹಾಕತ್ತೆ. ಕನಿಷ್ಠ 12 ಮಿ.ಮೀ ಇರ್ಲಿ. ನಿಮ್ಮ ಚೌಕಟ್ಟಿಗೆ ರಿಬೇಟ್ ಇದ್ರೆ, ಅಂದ್ರೆ ಕದ ಬಂದು ಕೂರೋಕೆ ಮರದಲ್ಲೇ ಮೆಟ್ಟಿಲಿನ ಹಾಗೆ ತೆಗೆದಿದ್ರೆ, ಟೆಂಪ್ಲೇಟು ಆ ಮೆಟ್ಟಿಲಿಗಿಂತ ದಪ್ಪ ಇರ್ಲೇಬೇಕು, ಇಲ್ಲಾಂದ್ರೆ ಟ್ರಿಮ್ಮರಿನ ತಳ ಮೆಟ್ಟಿಲಿಗೆ ತಾಗಿ ಒಳಗೆ ಹೋಗೋದೇ ಇಲ್ಲ. ಅದಕ್ಕೆ ನಾನು 18 ಮಿ.ಮೀ ಪ್ಲೈಯಲ್ಲೇ ಮಾಡೋದು.

ಆಳ ಸೆಟ್ ಮಾಡೋಕೂ ಸ್ಕೇಲ್ ಬೇಡ. ಪ್ಲಗ್ ತೆಗೆದಿಟ್ಟು, ಸಪಾಟಾದ ಹಲಗೆ ಮೇಲೆ ಟೆಂಪ್ಲೇಟ್ ಇಟ್ಟು ಅದರ ಎರಡು ಬದಿಗೂ ಅಡಿಯಲ್ಲಿ ಒಂದೊಂದು ಹಿಂಜಿನ ಪಟ್ಟಿ ತೂರಿಸಿ, ಪಿನ್ ಇರೋ ದುಂಡು ಭಾಗ ಹೊರಗಿರ್ಲಿ. ಈಗ ಟ್ರಿಮ್ಮರ್ ಮೇಲಿಟ್ಟು ಬಿಟ್ ಕೆಳಗಿನ ಹಲಗೆಗೆ ಮುಟ್ಟೋ ತನಕ ಇಳಿಸಿ ಟೈಟ್ ಮಾಡಿ. ಆಳ ಪಟ್ಟಿ ದಪ್ಪಕ್ಕೆ ಸರಿಯಾಗಿ ಬಂತು. ವೇಸ್ಟ್ ಮರದ ಮೇಲೆ ಒಂದು ಕಚ್ಚು ಹೊಡೆದು ಹಿಂಜಿಟ್ಟು ಬೆರಳು ಸವರಿ ನೋಡಿ, ಆಮೇಲೇ ಬಾಗಿಲು ಮುಟ್ಟಿ. ಪಿನ್ ಬರೋ ಕಡೆ ಅಂಚಲ್ಲಿ ಚಕ್ಕೆ ಏಳೋದು ಜಾಸ್ತಿ, ಅಲ್ಲಿಗೆ ಒಂದು ವೇಸ್ಟ್ ರೀಪು ಒತ್ತಿ ಕ್ಲಾಂಪ್ ಹಾಕಿದ್ರೆ ಅಂಚು ನೀಟಾಗಿ ಬರತ್ತೆ.

ಇಷ್ಟೆಲ್ಲಾ ಆದ್ಮೇಲೂ ಮೂಲೆಗಳು ದುಂಡಗೆ ಉಳೀತಾವೆ, ಬಿಟ್ ದುಂಡಗಲ್ವಾ. ಅದನ್ನ ಉಳಿಯಲ್ಲಿ ಚೌಕ ಮಾಡ್ತಾ ಕೂತ್ರೆ 84 ಕಚ್ಚಿಗೆ ಎರಡೆರಡು ಮೂಲೆ, 168 ಮೂಲೆ. ಸ್ಪ್ರಿಂಗ್ ಇರೋ ಮೂಲೆ ಉಳಿ ಸಿಗತ್ತೆ, ಮೂಲೆಗಿಟ್ಟು ಸುತ್ತಿಗೆಯಲ್ಲಿ ಎರಡು ಏಟು ಹೊಡೆದ್ರೆ ಚೌಕ ಆಗತ್ತೆ, ಕೆಟ್ಟದ್ದೇನಲ್ಲ. ಆದ್ರೆ ಹಿಂಜು ತರೋದು ನಿಮ್ಮ ಕೈಲೇ ಇದ್ರೆ ಮೂಲೆ ದುಂಡಗಿರೋ ಹಿಂಜನ್ನೇ ತನ್ನಿ. ಕಾಲಿಂಚು ತ್ರಿಜ್ಯದ ಮೂಲೆಗೆ ಅರ್ಧ ಇಂಚಿನ ಬಿಟ್ ಸರಿಯಾಗಿ ಹೊಂದತ್ತೆ, ಉಳಿ ಮುಟ್ಟೋ ಕೆಲ್ಸಾನೇ ಇಲ್ಲ. ಬಿಟ್ಟಿನ ವ್ಯಾಸ ಅರ್ಧ ಇಂಚು ಅಂದೆ, ಅದರ ಕಡ್ಡಿ ಮಾತ್ರ ಟ್ರಿಮ್ಮರಿನ ಕೊಲೆಟ್ಟಿಗೆ, ಅಂದ್ರೆ ಬಿಟ್ ಹಿಡಿಯೋ ಬಾಯಿಗೆ, ಹೊಂದೋದಿರ್ಬೇಕು, ಅಂಗಡಿಯಲ್ಲಿ ಇದನ್ನ ಕೇಳಿ ತಗೊಳ್ಳಿ. ನನ್ನ ಪ್ರಕಾರ ಯಾವ ಮಷೀನಿಗಿಂತ ಹೆಚ್ಚು ಟೈಮ್ ಉಳಿಸೋದು ಈ ದುಂಡು ಮೂಲೆ ಹಿಂಜು.

ಬಾಗಿಲುದ್ದದ ಲೋಹದ ಜಿಗ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಒಂದೇ ಸಲ ಕಟ್ಟಿದ್ರೆ ಮೂರೂ ಕಚ್ಚು ಮುಗಿಯತ್ತೆ, ಅದೇ ಜಿಗ್ ಚೌಕಟ್ಟಿಗೂ ಹೋಗತ್ತೆ. ತಿಂಗಳು ತಿಂಗಳು ಒಂದೇ ಎತ್ತರದ ಹತ್ತಾರು ಬಾಗಿಲು ಬರೋದಿದ್ರೆ ಖಂಡಿತಾ ತಗೊಳ್ಳಿ. ಈ 14ಕ್ಕೆ ರೀಪು, ಪ್ಲೈ ಟೆಂಪ್ಲೇಟು, ಟ್ರಿಮ್ಮರು ಸಾಕು, ಕೈ ಪಳಗಿದ ಮೇಲೆ ಒಂದು ಕಚ್ಚು ನಾಲ್ಕು ನಿಮಿಷಕ್ಕೆ ಬರತ್ತೆ. ಬಿಟ್ ಬದಲಾಯಿಸೋವಾಗ ಪ್ಲಗ್ ಕಿತ್ತಿಟ್ಟಿರ್ಬೇಕು, ಕಣ್ಣಿಗೆ ಕನ್ನಡಕ, ಕಿವಿಗೆ ಮಫ್ ಹಾಕ್ಕೊಳ್ಲೇಬೇಕು. ಇದೊಂದು ವಿಷಯದಲ್ಲಿ ದಯವಿಟ್ಟು ಉದಾಸೀನ ಮಾಡ್ಬೇಡಿ.

ಪ್ರಶ್ನೆ: ನಾನು ಕೆಲಸದವಳಲ್ಲ ಸರ್, ನಮ್ಮನೆ ಎರಡು ಬಾಗಿಲು ನಾನೇ ಕೂರಿಸ್ಬೇಕು ಅಂತ ಆಸೆ. ನನಗೂ ಟ್ರಿಮ್ಮರ್ ಬೇಕಾ?

ಉತ್ತರ: ಬೇಡಮ್ಮ. ಎರಡು ಬಾಗಿಲಿಗೆ ಟೆಂಪ್ಲೇಟ್ ಮಾಡೋ ಹೊತ್ತಲ್ಲಿ ಕೈಯಲ್ಲೇ ಕಚ್ಚು ತೆಗೆದು ಮುಗಿಸ್ತೀರಿ. 25 ಮಿ.ಮೀ ಅಗಲದ ಒಂದು ಒಳ್ಳೇ ಉಳಿ, ಸಾಣೆಕಲ್ಲು, ಅಂಚಿಗೆ ಸಮವಾಗಿ ಗೆರೆ ಎಳೆಯೋ ಮಾರ್ಕಿಂಗ್ ಗೇಜು, ಮೂಲೆಮಟ್ಟ, ಚೂಪಾದ ಚಾಕು. ಪೆನ್ಸಿಲ್ ಗೆರೆಗೆ ದಪ್ಪ ಇರತ್ತೆ, ಚಾಕುವಿನ ಗೆರೆಗೆ ಇಲ್ಲ, ಮೇಲಾಗಿ ಚಾಕು ಗೆರೆಯಲ್ಲಿ ಉಳಿ ತಾನಾಗೇ ಕೂರತ್ತೆ, ಹಿಂಜನ್ನೇ ಜಾಗದಲ್ಲಿಟ್ಟು ಒಂದೆರಡು ಸ್ಕ್ರೂ ಹಾಕಿ ಸುತ್ತ ಚಾಕುವಿನಲ್ಲಿ ಗೀರಿ. ಆಮೇಲೆ ಗೆರೆಯ ಒಳಗೆ ಉಳಿಯಿಂದ ಹತ್ತಿರ ಹತ್ತಿರ ಅಡ್ಡ ಏಟು, ಕೊನೆಗೆ ಬದಿಯಿಂದ ಉಳಿ ಮಲಗಿಸಿ ಸವರಿ. ಟೈಮ್ ಉಳಿಸೋದು ಇಲ್ಲಿ ಸಾಣೆ ಕಣಮ್ಮ. ಮೊಂಡು ಉಳಿಗೆ ಜೋರಾಗಿ ಹೊಡೀಬೇಕು, ಜೋರಾಗಿ ಹೊಡೆದ್ರೆ ಮರ ಸೀಳತ್ತೆ.

ಪ್ರಶ್ನೆ: ಬಾಗಿಲು ಹಾಕಿದ್ರೆ ಪೂರ್ತಿ ಮುಚ್ಚದೆ ಸ್ಪ್ರಿಂಗ್ ಥರ ವಾಪಸ್ ಬರತ್ತೆ. ಹಿಂಜು ಹೊಸದು. ಬದಲಾಯಿಸ್ಲಾ?

ಉತ್ತರ: ಹಿಂಜಿನ ತಪ್ಪಲ್ಲ ಅದು, ಬದಲಾಯಿಸ್ಬೇಡಿ. ಮೊದಲು ಸ್ಕ್ರೂ ತಲೆಗಳನ್ನ ನೋಡಿ, ಪಟ್ಟಿಗಿಂತ ಮೇಲೆ ಎದ್ದಿದ್ರೆ ಎರಡು ಕಡೆಯ ತಲೆಗಳೂ ಒಂದಕ್ಕೊಂದು ತಾಗಿ ಬಾಗಿಲನ್ನ ತಳ್ತಾವೆ. ಅದು ಸರಿಯಿದ್ರೆ ಕಚ್ಚು ಆಳ ಜಾಸ್ತಿ ಆಗಿದೆ ಅಂತ ಅರ್ಥ, ಪಟ್ಟಿ ಒಳಗೆ ಇಳಿದುಹೋಗಿ ಹಿಂಜು ಮಡಚೋ ಮೊದಲೇ ಕದದ ಅಂಚು ಚೌಕಟ್ಟಿಗೆ ಒತ್ತತ್ತೆ. ಪಟ್ಟಿ ಬಿಚ್ಚಿ ಹಿಂದೆ ತೆಳು ರಟ್ಟು ಕತ್ತರಿಸಿಟ್ಟು ಮತ್ತೆ ಸ್ಕ್ರೂ ಹಾಕಿ, ಒಂದು ರಟ್ಟಿಂದ ಶುರು ಮಾಡಿ ನೋಡ್ತಾ ಹೋಗಿ. ಇದೇ ರಟ್ಟು ಇನ್ನೊಂದಕ್ಕೂ ಬರತ್ತೆ, ಬೀಗದ ಕಡೆ ಮೇಲ್ತುದಿ ಉಜ್ತಿದ್ರೆ ಕೆಳಗಿನ ಹಿಂಜಿನ ಹಿಂದೆ ರಟ್ಟಿಡಿ, ಕದ ಸ್ವಲ್ಪ ಎತ್ತಿಕೊಳ್ಳತ್ತೆ. ಆದ್ರೆ ಮೊದಲು ಮೇಲಿನ ಹಿಂಜಿನ ಸ್ಕ್ರೂ ಸಡಿಲ ಆಗಿದೆಯಾ ನೋಡಿ, ತುಂಬಾ ಸಲ ಇಷ್ಟೇ ಇರತ್ತೆ.

ಪ್ರಶ್ನೆ: ಸ್ಕ್ರೂ ಹಾಕೋವಾಗ ತೂತು ಪಕ್ಕಕ್ಕೆ ಹೋಗಿ ಹಿಂಜೇ ಸರಿಯತ್ತೆ, ಹಿತ್ತಾಳೆ ಸ್ಕ್ರೂ ಅರ್ಧಕ್ಕೇ ಮುರಿದುಹೋಗತ್ತೆ. ಏನು ಮಾಡ್ಲಿ ಅಣ್ಣಾ?

ಉತ್ತರ: ಸ್ಪ್ರಿಂಗ್ ತೋಳಿರೋ ಸೆಲ್ಫ್ ಸೆಂಟರ್ ಬಿಟ್ ತಗೊಳ್ಳಿ ತಮ್ಮಾ, ಅದರ ಮೂತಿ ಹಿಂಜಿನ ತೂತಿನ ಇಳಿಜಾರಲ್ಲಿ ಕೂತ್ಕೊಂಡು ಬಿಟ್ಟನ್ನ ಸರಿಯಾಗಿ ನಡುವಿಗೇ ಇಳಿಸತ್ತೆ. ಈ ಕೆಲಸದಲ್ಲಿ ಇಷ್ಟು ಸಣ್ಣ ಟೂಲು ಇಷ್ಟು ಉಪಕಾರ ಮಾಡೋದು ಇನ್ನೊಂದಿಲ್ಲ. 8ನೇ ನಂಬರ್ ಸ್ಕ್ರೂಗೆ ಗಟ್ಟಿ ಮರದಲ್ಲಿ 3 ಮಿ.ಮೀ, ಮೆತ್ತನೆ ಮರದಲ್ಲಿ 2.5 ಮಿ.ಮೀ ಹತ್ತಿರ ತೂತು ಬೇಕು. ಹಿತ್ತಾಳೆಗೆ ಮೊದಲು ಅದೇ ಅಳತೆಯ ಉಕ್ಕಿನ ಸ್ಕ್ರೂ ಹಾಕಿ ತೆಗೀರಿ, ದಾರಿ ಆಗತ್ತೆ, ಆಮೇಲೆ ಹಿತ್ತಾಳೆಯದಕ್ಕೆ ಸ್ವಲ್ಪ ಮೇಣ ಸವರಿ ಕೈಯಲ್ಲೇ ತಿರುಗಿಸಿ. ಏಟು ಕೊಡ್ತಾ ಸ್ಕ್ರೂ ತಿರುಗಿಸೋ ಇಂಪ್ಯಾಕ್ಟ್ ಡ್ರೈವರ್ ಮಷೀನು ಇದಕ್ಕೆ ಬೇಡವೇ ಬೇಡ.

ಪ್ರಶ್ನೆ: ನಾನೊಬ್ಬನೇ ಕೆಲ್ಸ ಮಾಡೋದು, ಕದ ಎತ್ತಿ ಹಿಡಿಯೋಕೆ ಇನ್ನೊಬ್ಬರಿಲ್ಲ. ಡೋರ್ ಲಿಫ್ಟರ್ ಬೇಕಾಗತ್ತಾ?

ಉತ್ತರ: ಕಾಲಲ್ಲಿ ಒತ್ತೋ ಲಿಫ್ಟರ್, ಗಾಳಿ ತುಂಬೋ ಚೀಲ ಎರಡೂ ಸಿಗತ್ತೆ, ಎರಡೂ ಚೆನ್ನಾಗಿವೆ. ಆದ್ರೆ ಒಂದು ರೀಪಿನ ಅಡಿಗೆ ದುಂಡು ಕೋಲು ಅಡ್ಡ ಇಟ್ರೆ ಅದೂ ಮೀಟುಗೋಲೇ, ಒಂದು ತುದಿ ಕದದ ಕೆಳಗೆ, ಇನ್ನೊಂದು ತುದಿ ನಿಮ್ಮ ಪಾದದ ಕೆಳಗೆ, ಎರಡು ಕೈಯೂ ಖಾಲಿ. ಎತ್ತರ ಸರಿಯಾದ ಕೂಡಲೇ ಬೆಣೆ ತಳ್ಳಿ. ಕದದ ಮೇಲಿನ ಹಿಂಜಿಗೆ ಮೊದಲು ಒಂದೇ ಸ್ಕ್ರೂ, ಆಮೇಲೆ ಕೆಳಗಿನದಕ್ಕೆ ಒಂದು, ಮುಚ್ಚಿ ತೆಗೆದು ಸಂದು ನೋಡಿ, ಸುತ್ತ ಎರಡರಿಂದ ಮೂರು ಮಿ.ಮೀ ಸಮವಾಗಿದ್ರೆ ಉಳಿದ ಸ್ಕ್ರೂ ಹಾಕಿ. ಸಮ ಇಲ್ದಿದ್ರೆ ಆ ಎರಡೇ ಸ್ಕ್ರೂ ಬಿಚ್ಚಿದ್ರೆ ಆಯ್ತು.