ಹಳೆಯ ಫ್ಲೂಟ್‌ಗೆ ಬೇಕಾದ ಸ್ಕ್ರೂ, ಸ್ಪ್ರಿಂಗ್, ಪ್ಯಾಡ್ ಎಲ್ಲಿ ಹುಡುಕುವುದು?

ಮರದ ಮೈ, ಜರ್ಮನ್ ಸಿಲ್ವರ್ ಕೀಗಳಿರುವ ಹಳೆಯ ಫ್ಲೂಟ್ ಸಿಕ್ಕಿದೆ, ಎರಡು ಸ್ಕ್ರೂ ಇಲ್ಲ, ಒಂದು ಸ್ಪ್ರಿಂಗ್ ಮುರಿದಿದೆ, ತೂತು ಮುಚ್ಚುವ ಪ್ಯಾಡ್‌ಗಳು ಹಾಳಾಗಿವೆ, ಬದಲಿ ಭಾಗ ಎಲ್ಲಿ ಕೊಳ್ಳಲಿ ಅಂತ ಕೇಳಿದ್ದೀರಿ. ಹಳೆಯ ಫ್ಲೂಟ್ ರಿಪೇರಿ ನನ್ನ ಕೆಲಸ. ಅನುಭವದಿಂದ ಹೇಳುವುದಾದರೆ ಪ್ಯಾಡ್, ಸ್ಪ್ರಿಂಗ್, ಕಾರ್ಕ್ ಕೊಳ್ಳಬಹುದು. ಸ್ಕ್ರೂ ಮಾತ್ರ ಹೆಚ್ಚಾಗಿ ಮಾಡಿಸಬೇಕಾಗುತ್ತದೆ. ಅದನ್ನು ಅಂಗಡಿ ಅಂಗಡಿ ಹುಡುಕುವ ಬದಲು ಅದೇ ಸಮಯವನ್ನು ಅಳತೆ ತೆಗೆಯಲು ಕೊಡಿ.

ಖರ್ಚು ಮಾಡುವ ಮೊದಲು ಇನ್ನೊಂದು ವಿಷಯ ನೋಡಿಕೊಳ್ಳಿ. ಇಂದಿನ ಸ್ವರಮಟ್ಟ ಎ 440, ಅಂದರೆ ಎ ಸ್ವರಕ್ಕೆ ಸೆಕೆಂಡಿಗೆ 440 ಕಂಪನ. ಆದರೆ ಇಂಗ್ಲೆಂಡಿನ ಹಳೆಯ ಫ್ಲೂಟ್‌ಗಳಲ್ಲಿ ಅನೇಕವು ಎ 452ರ ಸುತ್ತಮುತ್ತ ತಯಾರಾದವು. ಅಂಥದನ್ನು ತಲೆಭಾಗ ಹೊರಗೆಳೆದು ಇಳಿಸಲು ಹೋದರೆ ಸ್ವರಗಳ ನಡುವಿನ ಹೊಂದಾಣಿಕೆಯೇ ಕೆಡುತ್ತದೆ. ಒಬ್ಬರೇ ನುಡಿಸಲು ತೊಂದರೆಯಿಲ್ಲ. ಬೇರೆ ವಾದ್ಯಗಳ ಜೊತೆ ನುಡಿಸುವ ಆಸೆಯಿದ್ದರೆ ಇದು ಈಗಲೇ ಗೊತ್ತಿರಬೇಕು, ಅಲ್ವಾ?

ಈಗ ಸ್ಕ್ರೂ ವಿಷಯ. ಹಿಂದೆ ಪ್ರತಿ ಕಾರ್ಖಾನೆಯೂ ತನ್ನದೇ ಉಪಕರಣದಿಂದ ಥ್ರೆಡ್, ಅಂದರೆ ಸ್ಕ್ರೂ ಮೇಲಿನ ಸುರುಳಿ ಗೆರೆ, ಕೊರೆಯುತ್ತಿತ್ತು. ಬ್ರಿಟನ್ನಿನಲ್ಲಿ ಸಣ್ಣ ಸ್ಕ್ರೂಗಳಿಗೆ ಬಿಎ (ಬ್ರಿಟಿಷ್ ಅಸೋಸಿಯೇಷನ್) ಅನ್ನುವ ಅಳತೆ ಬಂದದ್ದೇ 1884ರಲ್ಲಿ. ಬಂದ ಮೇಲೂ ಎಲ್ಲರೂ ಅದನ್ನು ಹಿಡಿದರು ಅಂತ ನಂಬಿ ಕೂರಬೇಡಿ. ಬಿಎ ಥ್ರೆಡ್‌ನ ಕೋನ 47.5 ಡಿಗ್ರಿ, ಮೆಟ್ರಿಕ್‌ನದು 60 ಡಿಗ್ರಿ. ಮೋಸ ಆಗುವುದು ಇಲ್ಲೇ. 10 ಬಿಎ ಸ್ಕ್ರೂ 1.7 ಮಿಮೀ ದಪ್ಪ, ಪಿಚ್, ಅಂದರೆ ಒಂದು ಗೆರೆಯಿಂದ ಮುಂದಿನದಕ್ಕಿರುವ ಅಂತರ, 0.35 ಮಿಮೀ. ಸುಲಭವಾಗಿ ಸಿಗುವ ಮೆಟ್ರಿಕ್ ಎಂ 1.6ರ (1.6 ಮಿಮೀ ದಪ್ಪದ್ದರ) ಪಿಚ್ ಕೂಡ 0.35. ಹಾಗಾಗಿ ಅದು 10 ಬಿಎ ತೂತಿನೊಳಗೆ ಸಲೀಸಾಗಿ ಹೋಗುತ್ತದೆ, ಸರಿಯಾಗಿ ಕೂತಂತೆಯೇ ಕಾಣುತ್ತದೆ. ಆದರೆ ಹಿಡಿತ ಇರುವುದಿಲ್ಲ. ನುಡಿಸುತ್ತಾ ನುಡಿಸುತ್ತಾ ಸಡಿಲವಾಗುತ್ತದೆ, ಮತ್ತೆ ಬಿಗಿ ಮಾಡಿದಷ್ಟೂ ಕಂಬದ ಒಳಗಿನ ಥ್ರೆಡ್ ಸವೆಯುತ್ತದೆ.

ಕಂಬ ಅಂದರೆ ಕೀಯನ್ನು ಹಿಡಿದು ನಿಲ್ಲಿಸುವ ಸಣ್ಣ ಗೂಟ. ಉಳಿಸಬೇಕಾದದ್ದು ಅದನ್ನು. ಸ್ಕ್ರೂ ಹೋದರೆ ಇನ್ನೊಂದು ಮಾಡಬಹುದು, ಕಂಬ ಕೆಟ್ಟರೆ ಕೆಲಸ ತುಂಬಾ ದೊಡ್ಡದಾಗುತ್ತದೆ. ಯಾರಾದರೂ "ಕಂಬಕ್ಕೆ ಹೊಸ ಟ್ಯಾಪ್ ಹಾಕಿ, ಅಂದರೆ ಒಳಗೆ ಹೊಸ ಥ್ರೆಡ್ ಕೊರೆದು, ಇವತ್ತಿನ ಸ್ಕ್ರೂ ಕೂರಿಸೋಣ" ಅಂದರೆ ದಯವಿಟ್ಟು ಒಪ್ಪಬೇಡಿ.

ಮಾದರಿಗೆ ಬೇರೆಲ್ಲೂ ಹೋಗಬೇಕಿಲ್ಲ, ಅದು ನಿಮ್ಮ ಫ್ಲೂಟ್‌ನಲ್ಲೇ ಇದೆ. ಒಂದೇ ಫ್ಲೂಟ್‌ನಲ್ಲಿ ಒಂದೇ ಬಗೆಯ ಸ್ಕ್ರೂಗಳಿಗೆ ಸಾಮಾನ್ಯವಾಗಿ ಒಂದೇ ಥ್ರೆಡ್ ಇರುತ್ತದೆ. ಪಕ್ಕದ ಕೀಯ ಸ್ಕ್ರೂ ಬಿಚ್ಚಿ, ಖಾಲಿ ಕಂಬಕ್ಕೆ ಬೆರಳಿನಿಂದಲೇ ತಿರುಗಿಸಿ ನೋಡಿ. ತಡೆ ಸಿಕ್ಕ ಕೂಡಲೇ ನಿಲ್ಲಿಸಿ. ಸರಿಯಾಗಿ ಕೂತರೆ ಅದೇ ನಿಮ್ಮ ಮಾದರಿ. ಮೈಕ್ರೋಮೀಟರ್‌ನಲ್ಲಿ ದಪ್ಪ ಅಳೆಯಿರಿ. ಹಿಂದಿನಿಂದ ಬೆಳಕು ಬಿಟ್ಟು, ಥ್ರೆಡ್ ಗೇಜ್‌ಗೆ (ಪಿಚ್ ಅಳೆಯುವ ಹಲ್ಲಿನ ಪಟ್ಟಿಗೆ) ಒತ್ತಿ ಹಿಡಿದು, ಭೂತಗನ್ನಡಿಯಲ್ಲಿ ನೋಡಿ. ಹಲ್ಲುಗಳ ನಡುವೆ ಬೆಳಕು ಕಾಣಬಾರದು. ಗೇಜ್ ಇಲ್ಲದಿದ್ದರೆ ಸ್ಕೇಲ್ ಪಕ್ಕ ಇಟ್ಟು ಹತ್ತಿರದಿಂದ ಫೋಟೋ ತೆಗೆದು, ಹತ್ತು ಥ್ರೆಡ್ ಎಷ್ಟು ಉದ್ದ ಬರುತ್ತದೆ ನೋಡಿ ಭಾಗಿಸಿ.

ಕಳೆದುಹೋದದ್ದು ಯಾವ ಬಗೆಯ ಸ್ಕ್ರೂ ಅನ್ನುವುದೂ ಮುಖ್ಯ. ಕೆಲವು ಕೀಯ ಕೊಳವೆಯೊಳಗೆ ಉದ್ದಕ್ಕೂ ಹಾದುಹೋಗುವ ಸರಳುಗಳು, ಇನ್ನು ಕೆಲವು ತುದಿ ಚೂಪಾದ ಸಣ್ಣ ಸ್ಕ್ರೂಗಳು. ಸರಳನ್ನು ಸಿಲ್ವರ್ ಸ್ಟೀಲ್‌ನಲ್ಲಿ ಮಾಡಿಸಿ. ಹೆಸರಿನಲ್ಲಿ ಸಿಲ್ವರ್ ಇದೆ ಅಷ್ಟೇ, ಅದರಲ್ಲಿ ಬೆಳ್ಳಿ ಇರುವುದಿಲ್ಲ. ನಯವಾದ, ಸರಿಯಾದ ದಪ್ಪದ ಕಡ್ಡಿಯಾಗಿಯೇ ಸಿಗುತ್ತದೆ. ಕೀ ಅಲುಗದಂತೆ, ಆದರೆ ತನ್ನ ಭಾರಕ್ಕೇ ಬೀಳುವಷ್ಟು ಸಲೀಸಾಗಿ ತಿರುಗಬೇಕು. ಚೂಪು ಸ್ಕ್ರೂನಲ್ಲಿ ತುದಿಯ ಕೋನ ಹಳೆಯದರಂತೆಯೇ ಇರಬೇಕು, ಇಲ್ಲದಿದ್ದರೆ ಕೀ ಒಂದೋ ಬಿಗಿಯುತ್ತದೆ, ಇಲ್ಲಾ ಅಲ್ಲಾಡುತ್ತದೆ. ಇಂಥ ಕೆಲಸಕ್ಕೆ ದೊಡ್ಡ ಲೇತ್ ಬೇಡ. ಗಡಿಯಾರ ರಿಪೇರಿಯವರ ಸಣ್ಣ ಲೇತ್ ಇರುವವರನ್ನು ಕೇಳಿ. ಅವರ ಕೈಗೆ ಈ ಗಾತ್ರದ ಅಭ್ಯಾಸ ಇರುತ್ತದೆ.

ಅದೇ ತಯಾರಕರ ಮುರಿದ ಫ್ಲೂಟ್ ಕೊಂಡು ಭಾಗ ತೆಗೆಯುವ ದಾರಿಯೂ ಇದೆ. ಸ್ಕ್ರೂ ಕೆಲವೊಮ್ಮೆ ಹೊಂದುತ್ತದೆ. ಕೀ ಮಾತ್ರ ಹೊಂದುವುದು ಅಪರೂಪ, ಯಾಕೆಂದರೆ ಆ ಕಾಲದ ಕೀಗಳನ್ನು ಅರದಲ್ಲಿ ಉಜ್ಜಿ ಆಯಾ ಕಂಬಗಳ ನಡುವೆ ಕೂರಿಸುತ್ತಿದ್ದರು. ಆ ಇನ್ನೊಂದು ಫ್ಲೂಟ್ ರಿಪೇರಿಯಾಗುವಂತಿದ್ದರೆ ಅದನ್ನು ಬಿಚ್ಚಬೇಡಿ. ಒಂದು ವಾದ್ಯ ಉಳಿಸಲು ಇನ್ನೊಂದನ್ನು ಕೊಲ್ಲುವುದು ನನಗೆ ಒಪ್ಪಿಗೆಯಿಲ್ಲ. ಕೊಳ್ಳುವಾಗ ಫ್ಲೂಟ್ ಮೇಲಿನ ತಯಾರಕರ ಮುದ್ರೆಯನ್ನು ಗಮನವಿಟ್ಟು ಓದಿ. ಲಂಡನ್ನಿನ ಫ್ಲೂಟ್ ತಯಾರಕರಾದ ರುಡಾಲ್ ಅಂಡ್ ರೋಸ್ ಮುಂದೆ ರುಡಾಲ್ ಕಾರ್ಟ್ ಆದಂತೆ ಕಂಪನಿಗಳ ಹೆಸರು ಬದಲಾಗುತ್ತಿತ್ತು. ಕಾಲ ಗುರುತಿಸಲು ಅದೇ ಒಳ್ಳೆಯ ಸುಳಿವು.

ಸ್ಪ್ರಿಂಗ್ ಸುಲಭ. ಸೂಜಿಯಂಥದ್ದಾದರೆ ದಪ್ಪದ ಲೆಕ್ಕದಲ್ಲಿ ಸಿಗುತ್ತದೆ. ಕಂಬದಲ್ಲಿ ಉಳಿದ ತುಂಡನ್ನು, ಅದು ಯಾವ ಕಡೆಯಿಂದ ಒಳಗೆ ಹೋಗಿತ್ತೋ ಅದೇ ಕಡೆಗೆ ತಳ್ಳಿ ತೆಗೆದು ಅಳೆಯಿರಿ. ಉಳಿದವು ನೀಲಿ ಉಕ್ಕಿನವಾಗಿದ್ದರೆ ಇದೂ ಅದೇ ಇರಲಿ, ಬೆರಳಿಗೆ ಎಲ್ಲ ಕೀಯೂ ಒಂದೇ ಹದ ಅನ್ನಿಸಬೇಕು.

ಪ್ಯಾಡ್ ಕೊಳ್ಳುವಾಗ ಎಲ್ಲರೂ ಅಗಲ ಮಾತ್ರ ನೋಡುತ್ತಾರೆ. ದಪ್ಪ ಅದಕ್ಕಿಂತ ಮುಖ್ಯ. ಕೀಯಲ್ಲಿ ಪ್ಯಾಡ್ ಕೂರುವ ಹಳೆಯ ಬಟ್ಟಲುಗಳ ಆಳ ಕಡಿಮೆ ಇದ್ದರೆ ದಪ್ಪ ಪ್ಯಾಡ್‌ನ ಹಿಂಬದಿ ಮೊದಲು ತಾಗಿ, ಮುಂದೆ ಗಾಳಿ ಸೋರುತ್ತದೆ. ಬಟ್ಟಲಿನ ಒಳ ಅಗಲ, ಆಳ ಎರಡನ್ನೂ ಬರೆದಿಟ್ಟುಕೊಂಡು ಕೇಳಿ.

ತುಕ್ಕು ಹಿಡಿದ ಸ್ಕ್ರೂ ಇದ್ದರೆ ಒಂದು ಹನಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಸುಮ್ನೆ ಕಾಯಿರಿ. ಎಣ್ಣೆ ಮರಕ್ಕೆ ಹರಿಯದಂತೆ ನೋಡಿಕೊಳ್ಳಿ. ಸ್ಕ್ರೂಡ್ರೈವರ್ ತುದಿ ಸ್ಕ್ರೂ ತಲೆಯ ಸೀಳಿನ ಅಗಲಕ್ಕೆ ಸರಿಯಾಗಿ ಕೂರದಿದ್ದರೆ ತಿರುಗಿಸಲೇಬೇಡಿ.

ಮುಂದಿನ ಹೆಜ್ಜೆಗೆ ನನಗೆ ಬೇಕಾದದ್ದು ಇಷ್ಟು: ಫ್ಲೂಟ್ ಮೇಲಿನ ಮುದ್ರೆ, ಕಳೆದುಹೋದ ಎರಡು ಸ್ಕ್ರೂಗಳ ಜಾಗ, ಪಕ್ಕದ ಸ್ಕ್ರೂನ ದಪ್ಪ ಮತ್ತು ಪಿಚ್. ಅದನ್ನು ಬರೆದರೆ ಯಾವ ಥ್ರೆಡ್ ಇರಬಹುದು ಅಂತ ಕೂತು ನೋಡೋಣ.