ಆಲ್ಪ್ಸ್ ಬೆಟ್ಟಗಳ ನಡುವಿನ ಬ್ರಿಗ್ ಎಂಬ ಸಣ್ಣ ಊರಿನಲ್ಲಿ ಸ್ಟಾಕಾಲ್ಪರ್ ಅರಮನೆಯಂಥ ದೊಡ್ಡ ಮನೆ ಹೇಗೆ ಬಂತು?

ಘಾಟಿಯ ದಾರಿ ಮತ್ತು ಉಪ್ಪಿನ ವ್ಯಾಪಾರ, ಎರಡೂ ಒಬ್ಬನೇ ವ್ಯಾಪಾರಿಯ ಹಿಡಿತದಲ್ಲಿದ್ದವು. ಅದರ ದುಡ್ಡೇ ಈ ಮನೆ.

ಕಟ್ಟಿಸಿದವನು ಕಾಸ್ಪರ್ ಸ್ಟಾಕಾಲ್ಪರ್ (1609–1691). ಸ್ವಿಟ್ಜರ್ಲೆಂಡಿನ ಬ್ರಿಗ್ ಇರುವುದು ಸಿಂಪ್ಲೋನ್ ಘಾಟಿಯ ಬುಡದಲ್ಲಿ. ಸುಮಾರು 2,000 ಮೀಟರ್ ಎತ್ತರದ ಆ ಘಾಟಿ ಹತ್ತಿ ಇಳಿದರೆ ಇಟಲಿ. ಆಗೆಲ್ಲ ಸರಕು ಹೇಸರಗತ್ತೆಗಳ ಬೆನ್ನ ಮೇಲೇ ಸಾಗಬೇಕಿತ್ತು. ಸ್ಟಾಕಾಲ್ಪರ್ ದಾರಿ ಸರಿಮಾಡಿಸಿದ, ಘಾಟಿಯ ಮೇಲೆ ತಂಗುದಾಣ ಕಟ್ಟಿಸಿದ, ಘಾಟಿಯ ಆಚೆ ಬದಿಯ ಗೋಂಡೋ ಹಳ್ಳಿಯಲ್ಲಿ ಉಗ್ರಾಣ ಇಟ್ಟ. ಉಪ್ಪು ಮಾರುವ ಹಕ್ಕನ್ನೂ ಪಡೆದ. ದನ ಸಾಕಿ ಚೀಸ್ ಮಾಡುವ ನಾಡು ಅದು, ಉಪ್ಪಿಲ್ಲದೆ ಒಂದು ದಿನವೂ ನಡೆಯದು ಅಲ್ವಾ? ಅವನ ಬಲ ಇದ್ದದ್ದೇ ಅಲ್ಲಿ.

1658ರಿಂದ 1678ರವರೆಗೆ ಕಟ್ಟಡ ಎದ್ದಿತು. ಅದರ ಮೂರು ಗೋಪುರಗಳಿಗೆ ಈರುಳ್ಳಿ ಆಕಾರದ ಗುಮ್ಮಟಗಳಿವೆ. ಗೋಪುರಗಳ ಹೆಸರು ಕಾಸ್ಪರ್, ಮೆಲ್ಕಿಯೋರ್, ಬಾಲ್ತಸಾರ್. ಇವು ಶಿಶು ಯೇಸುವನ್ನು ನೋಡಲು ಬಂದ ಮೂವರು ಜ್ಞಾನಿಗಳ ಹೆಸರುಗಳು. ಒಳಗಿನ ಕಮಾನುಗಳ ಅಂಗಳವೇ ನನಗೆ ಜಾಸ್ತಿ ಇಷ್ಟ.

ಆದರೆ ಅವನಿಗೆ ಅಲ್ಲಿ ನೆಮ್ಮದಿಯಾಗಿ ಬಾಳಲು ಆಗಲಿಲ್ಲ. ಎದುರಾಳಿಗಳು ಒಂದಾಗಿ ಅವನ ಹಕ್ಕುಗಳನ್ನು ಕಿತ್ತುಕೊಂಡರು. 1679ರಲ್ಲಿ ಅದೇ ಘಾಟಿ ದಾಟಿ ಇಟಲಿಯ ದೊಮೊದೊಸ್ಸೋಲಕ್ಕೆ ಓಡಿಹೋದ. 1685ರಲ್ಲಿ ಮರಳಿದ. ಈಗ ಆ ಅರಮನೆ ಊರಿನ ಆಸ್ತಿ.